ಓಸಿ ಚೀಟಿಯಿಂದ ಮ್ಯಾಪಿನವರೆಗೆ

2024ರ ಮಳೆಗಾಲದ ಒಂದು ರಾತ್ರಿ. ನ್ಯಾಮತಿಯಿಂದ ಬಂದಿದ್ದ ನಮ್ಮ ಆಪಾಳ ಮಗ ಚನ್ನಗಿರಿಯ ನಮ್ಮ ಮನೆಯ ಪಡಸಾಲೆಯಲ್ಲಿ ಮಲಗಿದ್ದ. ನೀರು ಕುಡಿಯಲು ನಾವು ಎದ್ದಾಗ ಒಂದೂವರೆ ಗಂಟೆ. ಅವನ ಹೊದಿಕೆಯೊಳಗಿಂದ ಮೊಬೈಲಿನ ಬೆಳಕು ಬರುತ್ತಿತ್ತು. 'ಇನ್ನೂ ಮಲಗಿಲ್ಲವೇನೋ?' ಎಂದು ಕೇಳಿದೆವು. 'ಒಂದು ಮ್ಯಾಪು ಹೋಯ್ತು ಮಾಮು, ಇನ್ನೊಂದು ಶುರುವಾಗ್ತಿದೆ. ಅದು ಮುಗಿದ ಮೇಲೆ ಮಲಗ್ತೀನಿ' ಎಂದ.

ನಮ್ಮ ಕಡೆ ಮ್ಯಾಪು ಎಂದರೆ ಸರ್ವೆಯವರು ಕೊಡುವ ನಕ್ಷೆ. ತೋಟದ ಬದುವಿನ ತಕರಾರು ಬಂದಾಗ ತಾಲ್ಲೂಕು ಕಚೇರಿಗೆ ಅಲೆದು ತರುವ ಕಾಗದ. ಹುಡುಗ ಅಪ್ಪನ ಜೊತೆ ಅಡಿಕೆ ಖೇಣಿಗೆ ಓಡಾಡಲು ಆಗಷ್ಟೇ ಶುರುಮಾಡಿದ್ದ. ಯಾವುದೋ ತೋಟದ ನಕ್ಷೆ ಕಳೆದುಹೋಗಿರಬೇಕು, ಇನ್ನೊಂದನ್ನು ಮೊಬೈಲಿನಲ್ಲಿ ಹುಡುಕುತ್ತಿದ್ದಾನೆ ಎಂದುಕೊಂಡು ನಾವು ಹೋಗಿ ಮಲಗಿದೆವು. ನಮ್ಮ ಈ ದಡ್ಡತನವನ್ನು ನೆನೆದರೆ ಈಗ ನಗು ಬರುತ್ತದೆ, ಆದರೆ ಪೂರ್ತಿ ನಗಲಾಗುವುದಿಲ್ಲ. ಆ ಒಂದು ರಾತ್ರಿಯಲ್ಲಿ ಹೋದದ್ದು ಹನ್ನೆರಡು ಸಾವಿರ ರೂಪಾಯಿ.

ಮೂರು ವಾರ ಕಳೆದ ಮೇಲೆ ದುಲ್ಹಾಭಾಯಿ ಫೋನು ಮಾಡಿದರು. ಅವರು ನ್ಯಾಮತಿ ಸುತ್ತಿನ ತೋಟಗಳ ಖೇಣಿದಾರರು. ಖೇಣಿ ಎಂದರೆ ಮರದ ಮೇಲಿನ ಅಡಿಕೆಯನ್ನು ಮೊದಲೇ ಮಾತಾಡಿ ಹಿಡಿಯುವುದು. ತೋಟದವರಿಗೆ ಮುಂಗಡ ಕೊಟ್ಟು, ಗೊನೆ ಇಳಿಸಿ, ಸುಲಿಸಿ, ಬೇಯಿಸಿ, ಒಣಗಿಸಿ ಮಾರುವ ಹೊಣೆ ಖೇಣಿದಾರನದು. ಒಬ್ಬ ಗೌಡರ ತೋಟವನ್ನು ದುಲ್ಹಾಭಾಯಿ ಇಪ್ಪತ್ತು ವರ್ಷದಿಂದ ಹಿಡಿಯುತ್ತಾ ಬಂದಿದ್ದರು. ಕಾಗದವಿಲ್ಲ, ಸಾಕ್ಷಿಯಿಲ್ಲ, ಬರೀ ಬಾಯಿಮಾತು. ಆ ಸಲದ ಮುಂಗಡ ತೊಂಬತ್ತು ಸಾವಿರವನ್ನು ಗೌಡರಿಗೆ ಮುಟ್ಟಿಸು ಎಂದು ಮಗನ ಕೈಗೆ ಕೊಟ್ಟಿದ್ದರು. ಅದು ಗೌಡರಿಗೆ ಮುಟ್ಟಿರಲಿಲ್ಲ. ಓದುಗರಲ್ಲಿ ಕೆಲವರಿಗೆ ತೊಂಬತ್ತು ಸಾವಿರ ಸಣ್ಣ ಮೊತ್ತ ಅನ್ನಿಸಬಹುದು. ಖೇಣಿ ಮನೆಯಲ್ಲಿ ಅದು ಹಣ ಮಾತ್ರವಲ್ಲ. ಅದು ಅಮಾನತ್ತು, ಇನ್ನೊಬ್ಬರಿಗೆ ಸೇರಿದ್ದು ನಮ್ಮ ಕೈಯಲ್ಲಿರುವುದು.

ಹುಡುಗನನ್ನು ಎದುರು ಕೂರಿಸಿಕೊಂಡು ಕೇಳಿದೆವು. ದಾವಣಗೆರೆಯಲ್ಲಿ ಡಿಪ್ಲೊಮಾ ಓದುವಾಗ ಹಾಸ್ಟೆಲಿನ ಹುಡುಗರ ಜೊತೆ ಆಡಲು ಕಲಿತ ಆಟ ಕೌಂಟರ್ ಸ್ಟ್ರೈಕ್. ಎರಡು ತಂಡ, ತಂಡಕ್ಕೆ ಐದು ಜನ, ಬಂದೂಕಿನ ಕಾಳಗ. ಕಾಳಗ ನಡೆಯುವ ಒಂದೊಂದು ಜಾಗಕ್ಕೂ ಮ್ಯಾಪು ಎನ್ನುತ್ತಾರೆ. ಮರುಭೂಮಿಯ ಊರಿನ ಹಾಗಿರುವ ಡಸ್ಟ್, ಅದರ ನಂತರ ಮಿರಾಜ್, ಇನ್ಫರ್ನೊ, ನ್ಯೂಕ್. ಯುರೋಪಿನ ದೊಡ್ಡ ತಂಡಗಳು ಆಡುವ ಪಂದ್ಯ ಸಾಮಾನ್ಯವಾಗಿ ಮೂರು ಮ್ಯಾಪುಗಳದ್ದು. ಎರಡು ಗೆದ್ದವರಿಗೆ ಪಂದ್ಯ. ಒಂದೊಂದು ಮ್ಯಾಪಿನೊಳಗೂ ಸುತ್ತುಗಳಿವೆ. ಮೊದಲು 13 ಸುತ್ತು ಗೆದ್ದವರಿಗೆ ಆ ಮ್ಯಾಪು. ಅಲ್ಲಿ ಸಂಜೆಯಾದಾಗ ನಮಗೆ ರಾತ್ರಿ. ಲಕ್ಷಾಂತರ ಜನ ನೋಡುತ್ತಾರೆ. ಆಡುವವರಿಗೆ ಸಂಬಳವಿದೆ, ತರಬೇತುದಾರರಿದ್ದಾರೆ, ಬಹುಮಾನವಿದೆ. 2023ರಲ್ಲಿ ಚೀನಾದ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಇಂಥ ಕಂಪ್ಯೂಟರ್ ಆಟಗಳಿಗೆ ಪದಕವನ್ನೂ ಕೊಟ್ಟರು. ಇಷ್ಟರವರೆಗೆ ನಮಗೆ ತಕರಾರಿಲ್ಲ.

ತಕರಾರು ಇರುವುದು ಅದರ ಪಕ್ಕದಲ್ಲಿ ಕೂತಿರುವ ಅಂಗಡಿಯ ಬಗ್ಗೆ. ಹೊನ್ನಾಳಿಯ ಬಸ್ ನಿಲ್ದಾಣದ ಹತ್ತಿರ ಒಬ್ಬನಿಗೆ ಹಣ ಕೊಟ್ಟರೆ ವಾಟ್ಸಾಪಿನಲ್ಲಿ ಒಂದು ಐಡಿ ಬರುತ್ತದೆ. ಕೊಟ್ಟ ಹಣ ಅದರೊಳಗೆ ಪಾಯಿಂಟು. ಕ್ರಿಕೆಟಿಗೂ ಅದೇ ಐಡಿ, ಇಸ್ಪೀಟಿಗೂ ಅದೇ, ಈ ಆಟಕ್ಕೂ ಅದೇ. 'ಪೂರ್ತಿ ಪಂದ್ಯದ ಮೇಲೆ ಕಟ್ಟೋರು ದಡ್ಡರು ಮಾಮು' ಎಂದ ನಮ್ಮ ಹುಡುಗ. 'ಯಾವ ತಂಡಕ್ಕೆ ಯಾವ ಮ್ಯಾಪು ಬರುತ್ತೆ, ಯಾವುದು ಬರಲ್ಲ ಅಂತ ನಂಗೆ ಗೊತ್ತು. ನಾನು ಮ್ಯಾಪಿನ ಮೇಲೆ ಮಾತ್ರ ಕಟ್ಟಿದ್ದು. ಇದು ಜುಗಾರಿ ಅಲ್ಲ, ಲೆಕ್ಕ.' ಸೋತು ಕೂತಿದ್ದ ಹೊತ್ತಿನಲ್ಲೂ ಅವನಿಗೆ ಆ ಜಾಣತನದ ಬಗ್ಗೆ ಸ್ವಲ್ಪ ಹೆಮ್ಮೆ ಇತ್ತು. ಬೈಯಲು ಬಾಯಿ ತೆರೆದ ನಾವು ಸುಮ್ಮನಾದೆವು. ಈ ಮಾತನ್ನು ನಾವು ಬೇರೆ ಕಡೆ, ಬೇರೆ ಬಾಯಲ್ಲಿ ಕೇಳಿದ್ದೆವು.

ಅದು 1996ರ ಬೇಸಿಗೆ. ಹತ್ತನೇ ತರಗತಿ ಮುಗಿಸಿ ಜಗಳೂರಿನ ನಾನಾನ ಮನೆಗೆ ಹೋಗಿದ್ದೆವು. ಮಳೆ ನೆಚ್ಚಿ ಬದುಕುವ ಊರು, ಆ ವರ್ಷವೂ ಆಕಾಶ ನೋಡುತ್ತಾ ಕೂತಿತ್ತು. ಉರ್ದು ಶಾಲೆಯಲ್ಲಿ ಖುಷ್‌ಖತ್ ತಿದ್ದಿದ್ದ ಕೈ ನಮ್ಮದು, ಕನ್ನಡವೂ ಅಂಕಿಯೂ ಅಚ್ಚಿನ ಹಾಗೆ ಬರುತ್ತಿತ್ತು. ಸಂತೆ ದಾರಿಯ ಒಂದು ಬೀಡಿ ಅಂಗಡಿಯಾತ ಅದನ್ನು ನೋಡಿ 'ಸಂಜೆ ಎರಡು ತಾಸು ಬಂದು ಬರಿ, ದಿನಕ್ಕೆ ಹತ್ತು ರೂಪಾಯಿ' ಎಂದ. ಬರೆಯಬೇಕಾದದ್ದು ಓಸಿ ಚೀಟಿ. ಓಪನ್, ಕ್ಲೋಸ್, ಜೋಡಿ. ಹಮಾಲರು, ಕುರಿಯವರು, ಗಾರೆಯವರು, ಒಬ್ಬಿಬ್ಬರು ಮೇಷ್ಟರೂ ಬರುತ್ತಿದ್ದರು. ಕನಸಿನಲ್ಲಿ ಹಾವು ಕಂಡರೆ ಒಂದು ಅಂಕಿ, ಹೆಣ ಕಂಡರೆ ಒಂದು ಅಂಕಿ, ಏನೂ ಕಾಣದಿದ್ದರೆ ಬಸ್ಸಿನ ನಂಬರು. ಅವರೂ ಹೇಳುತ್ತಿದ್ದುದು ಅದನ್ನೇ: 'ಇದು ಲೆಕ್ಕ. ಜೋಡಿ ಬರೆಸೋರು ದಡ್ಡರು, ನಾನು ಓಪನ್ ಮಾತ್ರ ಬರೆಸ್ತೀನಿ.'

ಆ ಬೇಸಿಗೆಯಲ್ಲಿ ಒಬ್ಬ ಹಮಾಲನ ಹೆಂಡತಿ ಎರಡು ಸಲ ಅಂಗಡಿಗೆ ಬಂದಳು. 'ತಮ್ಮಾ, ಅವರು ಇವತ್ತು ಎಷ್ಟು ಬರೆಸಿದ್ರು?' ಎಂದು ನಮ್ಮನ್ನು ಕೇಳಿದಳು. ಅಂಗಡಿಯಾತ ಕಣ್ಣು ಮಾಡಿದ. 'ಇವತ್ತು ಬಂದೇ ಇಲ್ಲ' ಎಂದೆವು. ಅವಳು ನಂಬಿದಳು. ಅಂದು ಅವನು ಬರೆಸಿದ್ದು ಅರವತ್ತು ರೂಪಾಯಿ, ಅಷ್ಟನ್ನೂ ನಮ್ಮ ಚಂದದ ಅಕ್ಷರದಲ್ಲೇ ಬರೆದಿದ್ದೆವು. ಮುಂದೆ ನಾವು ಕತೆಗಳನ್ನು ಬರೆದೆವು. ಈ ಹೆಂಗಸನ್ನು ಒಂದು ಕತೆಯಲ್ಲೂ ತರಲಾಗಲಿಲ್ಲ. ಆದ್ದರಿಂದ ಆಪಾಳ ಮಗನಿಗೆ ಉಪದೇಶ ಹೇಳುವ ಹಕ್ಕು ನಮಗೆಷ್ಟಿದೆ ಎನ್ನುವುದು ನಮಗೇ ಅನುಮಾನ. ಆದರೆ ಚೀಟಿ ಬರೆದವರಿಗೆ ಈ ಅಂಗಡಿಯ ಒಳಗಿನ ಲೆಕ್ಕ ಸ್ವಲ್ಪ ಗೊತ್ತಿರುತ್ತದೆ. ಅದನ್ನು ಹೇಳಬಹುದು.

ಮಟ್ಕಾದ ಹುಟ್ಟು ಹತ್ತಿಯಲ್ಲಿ. ನ್ಯೂಯಾರ್ಕಿನ ಹತ್ತಿ ಪೇಟೆಯ ಧಾರಣೆ ತಂತಿಯಲ್ಲಿ ಬೊಂಬಾಯಿಗೆ ಬರುತ್ತಿದ್ದ ಕಾಲದಲ್ಲಿ, ಪೇಟೆ ತೆರೆಯುವಾಗಿನ ದರ ಮತ್ತು ಮುಚ್ಚುವಾಗಿನ ದರದ ಮೇಲೆ ಜನ ಬಾಜಿ ಕಟ್ಟುತ್ತಿದ್ದರು. ಓಪನ್, ಕ್ಲೋಸ್ ಎಂಬ ಹೆಸರು ಬಂದದ್ದು ಅಲ್ಲಿಂದ. 1960ರ ದಶಕದ ಆರಂಭದಲ್ಲಿ ಆ ಧಾರಣೆ ಬರುವುದು ನಿಂತಿತು. ಆದರೆ ಬಾಜಿ ನಿಲ್ಲಲಿಲ್ಲ. 1962ರಲ್ಲಿ ಕಲ್ಯಾಣ್‌ಜಿ ಭಗತ್, ಅವರ ಹಿಂದೆಯೇ ರತನ್ ಖತ್ರಿ, ಹತ್ತಿಯನ್ನು ಬಿಟ್ಟು ಬರೀ ಅಂಕಿಯನ್ನು ಇಟ್ಟುಕೊಂಡರು. ಮಡಕೆಯಿಂದ ಚೀಟಿ ಎತ್ತುತ್ತಿದ್ದುದರಿಂದ ಮಟ್ಕಾ ಎಂಬ ಹೆಸರು. ಹತ್ತಿ ಗಿರಣಿಗಳಿಂದ ಹೆಸರು ಮಾಡಿದ ದಾವಣಗೆರೆಯ ಸುತ್ತಿನ ನಾವು, ಒಂದು ಎಳೆ ಹತ್ತಿಯೂ ಇಲ್ಲದ ಆ ಹತ್ತಿ ವ್ಯಾಪಾರದಲ್ಲಿ ಎಷ್ಟು ಕೂಲಿ ಕಳೆದೆವೋ ಲೆಕ್ಕವಿಟ್ಟವರಿಲ್ಲ.

ನಾವು ಬರೆಯುತ್ತಿದ್ದ ಅಂಗಡಿಯಲ್ಲಿ ಜೋಡಿ ಬಂದರೆ ರೂಪಾಯಿಗೆ ಎಂಬತ್ತು. ಸೊನ್ನೆ ಸೊನ್ನೆಯಿಂದ ತೊಂಬತ್ತೊಂಬತ್ತರವರೆಗೆ ಜೋಡಿಗಳು ನೂರು. ನೂರರಲ್ಲಿ ಒಂದು ಬರುವುದಕ್ಕೆ ಕೊಡುವುದು ಎಂಬತ್ತು. ಉಳಿದ ಇಪ್ಪತ್ತು ಅಂಗಡಿಯದು. ಕನಸಿಗೂ ಜಾಣತನಕ್ಕೂ ಈ ಲೆಕ್ಕದಲ್ಲಿ ಜಾಗವಿಲ್ಲ. ಮ್ಯಾಪಿನ ಬಾಜಿಯಲ್ಲಿ ಅಂಗಡಿಯವನು ತೆಗೆದುಕೊಳ್ಳುವುದು ಇದಕ್ಕಿಂತ ಕಡಿಮೆ, ನಿಜ. ಎರಡೂ ತಂಡ ಸರಿಸಮ ಎನ್ನೋಣ. ಗೆದ್ದರೆ ನೂರಕ್ಕೆ ನೂರ ಎಂಬತ್ತೈದು ಎಂದು ಐಡಿಯಲ್ಲಿ ತೋರಿಸುತ್ತಾರೆ. ಎರಡು ಕಡೆ ನೂರು ನೂರು ಕಟ್ಟಿದರೆ ಕೊಟ್ಟದ್ದು ಇನ್ನೂರು, ಬಂದದ್ದು ನೂರ ಎಂಬತ್ತೈದು. ಅಂದರೆ ನೂರಕ್ಕೆ ಏಳೂವರೆ ಕಡಿತ. 'ಏಳೂವರೆ ತಾನೇ, ನಮ್ಮ ಮಂಡಿಯಲ್ಲೂ ಕಮಿಷನ್ ಕೊಡಲ್ವಾ ಮಾಮು?' ಎಂದು ಹುಡುಗ ಕೇಳಿದ.

ಮೋಸ ಇರುವುದು ಇಲ್ಲೇ. ಮಂಡಿಯಲ್ಲಿ ಒಂದು ಚೀಲ ಅಡಿಕೆಗೆ ಒಂದು ಸಲ ಕಮಿಷನ್. ಐಡಿಯಲ್ಲಿ ಅದೇ ಸಾವಿರ ರೂಪಾಯಿ ಒಂದೇ ರಾತ್ರಿಯಲ್ಲಿ ಎಷ್ಟು ಸಲ ತಿರುಗುತ್ತದೋ ಅಷ್ಟು ಸಲ ಕಡಿತ. ನಾವು ಒಂದು ಕಾಗದ ತೆಗೆದುಕೊಂಡು ಅವನ ಎದುರೇ ಲೆಕ್ಕ ಹಾಕಿದೆವು. ಒಂದು ಸಲ ಕಟ್ಟಿದರೆ ಸಾವಿರದಲ್ಲಿ ಸರಾಸರಿ ಉಳಿಯುವುದು ಒಂಬೈನೂರ ಇಪ್ಪತ್ತೈದು. ಉಳಿದದ್ದನ್ನು ಮತ್ತೆ ಕಟ್ಟಿ, ಮತ್ತೆ ಕಟ್ಟಿ, ಹತ್ತು ಸಲ ತಿರುಗಿಸಿದರೆ ಉಳಿಯುವುದು ಸುಮಾರು ನಾನೂರ ಅರವತ್ತು. ಪೂರ್ತಿ ಪಂದ್ಯದ ಮೇಲೆ ಮಾತ್ರ ಕಟ್ಟುವ ದಡ್ಡನಿಗೆ ಒಂದು ಪಂದ್ಯದಲ್ಲಿ ಸೋಲಲು ಒಂದೇ ಅವಕಾಶ. ನಮ್ಮ ಜಾಣನಿಗೆ ಮೂರು ಮ್ಯಾಪು. ಅದರೊಳಗೆ ಮೊದಲ ಪಿಸ್ತೂಲಿನ ಸುತ್ತು ಯಾರಿಗೆ, ಒಟ್ಟು ಸುತ್ತು ಇಷ್ಟಕ್ಕಿಂತ ಹೆಚ್ಚೋ ಕಡಿಮೆಯೋ, ಎಲ್ಲಕ್ಕೂ ಬೇರೆ ಬೇರೆ ಬಾಜಿ. ಕ್ರಿಕೆಟಿನಲ್ಲಿ ಇದನ್ನೇ ಸೆಷನ್ ಎನ್ನುತ್ತಾರೆ. ಇಷ್ಟು ಓವರಿಗೆ ಎಷ್ಟು ರನ್ನು ಎಂಬ ಬಾಜಿ. ಇಡೀ ಕುರಿಯನ್ನು ಒಬ್ಬನಿಗೆ ಮಾರುವುದಕ್ಕಿಂತ ಕಡಿದು ಪಾಲು ಮಾಡಿ ಮಾರಿದರೆ ಕಟುಕನಿಗೆ ಲಾಭ. ಇಲ್ಲಿ ಕಡಿದು ಪಾಲು ಮಾಡಿದ್ದು ಹುಡುಗನ ರಾತ್ರಿಯನ್ನು. ಹನ್ನೊಂದು ರಾತ್ರಿಗಳಲ್ಲಿ ಅವನು ಅರ್ಧಕ್ಕರ್ಧ ಮ್ಯಾಪು ಸರಿಯಾಗಿಯೇ ಹೇಳಿದ್ದ. ಆದರೂ ತೊಂಬತ್ತು ಸಾವಿರ ಉಳಿಯಲಿಲ್ಲ.

ಇನ್ನೊಂದು ಸಂಗತಿಯೂ ಇದೆ. ಇಡೀ ಪಂದ್ಯವನ್ನು ಕೊಳ್ಳುವುದು ಕಷ್ಟ, ಒಂದು ತುಂಡನ್ನು ಕೊಳ್ಳುವುದು ಸುಲಭ. ನಮ್ಮ ರಾಜ್ಯದ ಕೆಪಿಎಲ್ ಕ್ರಿಕೆಟನ್ನೇ ನೋಡಿ. 2019ರಲ್ಲಿ ಹುಬ್ಬಳ್ಳಿ ಮತ್ತು ಬಳ್ಳಾರಿ ತಂಡಗಳ ನಡುವೆ ನಡೆದ ಫೈನಲಿನಲ್ಲಿ ನಿಧಾನವಾಗಿ ಬ್ಯಾಟ್ ಮಾಡಲು 20 ಲಕ್ಷ ರೂಪಾಯಿ ಪಡೆದ ಆರೋಪದ ಮೇಲೆ ಬೆಂಗಳೂರಿನ ಸಿಸಿಬಿ ಪೊಲೀಸರು ಅದೇ ವರ್ಷದ ನವೆಂಬರಿನಲ್ಲಿ ಇಬ್ಬರು ಆಟಗಾರರನ್ನು ಬಂಧಿಸಿದರು. 2022ರ ಜನವರಿಯಲ್ಲಿ ಹೈಕೋರ್ಟು, ಫಿಕ್ಸಿಂಗ್ ಎನ್ನುವುದು ವಂಚನೆಯ ಕಲಮಿಗೆ ಬರುವ ಅಪರಾಧವಲ್ಲ, ಶಿಸ್ತುಕ್ರಮ ಕ್ರಿಕೆಟ್ ಮಂಡಳಿಯ ಕೆಲಸ ಎಂದು ಆ ಪ್ರಕರಣವನ್ನು ರದ್ದುಮಾಡಿತು. ಆರೋಪ ನಿಜವೋ ಸುಳ್ಳೋ, ನಾವು ಗಮನಿಸಬೇಕಾದದ್ದು ಅದರ ರೂಪವನ್ನು. ಪಂದ್ಯ ಸೋಲಿ ಎಂದು ಕೇಳಬೇಕಾಗಿಲ್ಲ, ಒಂದಿಷ್ಟು ಹೊತ್ತು ನಿಧಾನವಾಗಿ ಆಡಿ ಎಂದರೆ ಸಾಕು.

ಕೌಂಟರ್ ಸ್ಟ್ರೈಕ್ ಆಟದ ಕುಖ್ಯಾತ ಕತೆಯೂ ಒಂದೇ ಮ್ಯಾಪಿನದು. 2014ರ ಆಗಸ್ಟಿನಲ್ಲಿ ಅಮೆರಿಕದ ಐಬೈಪವರ್ ಎಂಬ ಬಲವಾದ ತಂಡ ಸೀಸನ್ ಎಂಬ ಮ್ಯಾಪಿನಲ್ಲಿ ತನಗಿಂತ ದುರ್ಬಲ ತಂಡದ ಎದುರು 16–4ರಿಂದ ಸೋತಿತು. ಬೇಕೆಂದೇ ಸೋತದ್ದು, ಎದುರು ತಂಡದ ಮೇಲೆ ತಮ್ಮವರಿಂದಲೇ ಬಾಜಿ ಕಟ್ಟಿಸಿದ್ದರು ಎಂಬುದು ಹೊರಬಿದ್ದ ಮೇಲೆ, ಆಟದ ಒಡೆಯ ಕಂಪನಿ ವಾಲ್ವ್ 2015ರ ಜನವರಿಯಲ್ಲಿ ಏಳು ಜನರನ್ನು ತನ್ನ ಪಂದ್ಯಗಳಿಂದ ಹೊರಗಿಟ್ಟಿತು. ಅವರೂ ಇಪ್ಪತ್ತರ ಆಸುಪಾಸಿನ ಹುಡುಗರೇ. ಈ ಕತೆ ನಮಗೆ ಹೇಳಿದವನು ಆಪಾಳ ಮಗನೇ. ಎಲ್ಲ ಗೊತ್ತಿದ್ದೂ ಕಟ್ಟಿದೆಯಲ್ಲೋ ಎಂದರೆ ಅವನಲ್ಲಿ ಉತ್ತರವಿರಲಿಲ್ಲ.

ನಮ್ಮ ಮೊಹಲ್ಲಾದಲ್ಲಿ ಇಂಥ ವಿಷಯ ಬಂದರೆ ಹರಾಮ್ ಎಂಬ ಒಂದು ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಮಾತು ಸರಿಯೇ. ಆದರೆ ಹುಡುಗರು ಕೇಳುವ ಮರುಪ್ರಶ್ನೆಗೆ ನಮ್ಮಲ್ಲಿ ತಾಳ್ಮೆಯಿಲ್ಲ. ಕುರಾನಿನ ಅಲ್ ಬಕರಾ ಅಧ್ಯಾಯದ 219ನೇ ವಚನ ಮದ್ಯ ಮತ್ತು ಜೂಜಿನ ಬಗ್ಗೆ ಹೇಳುವಾಗ ಅವುಗಳಲ್ಲಿ ಜನರಿಗೆ ಒಂದಿಷ್ಟು ಲಾಭವೂ ಉಂಟೆಂದು ಒಪ್ಪಿಕೊಂಡೇ, ಪಾಪ ಲಾಭಕ್ಕಿಂತ ದೊಡ್ಡದು ಎನ್ನುತ್ತದೆ. ಅದರಲ್ಲಿ ಬರುವ ಮೈಸಿರ್ ಎಂಬುದು ಅರಬರ ಹಳೆಯ ಜೂಜು. ಒಂದು ಒಂಟೆಯನ್ನು ಕಡಿದು ಪಾಲು ಮಾಡಿ, ಬಾಣಗಳನ್ನು ಎತ್ತಿ, ಯಾರ ಬಾಣಕ್ಕೆ ಎಷ್ಟು ಪಾಲು ಎಂದು ನೋಡುವ ಆಟ. ಗೆದ್ದವರು ಮಾಂಸವನ್ನು ಬಡವರಿಗೆ ಹಂಚುತ್ತಿದ್ದರಂತೆ, ಲಾಭವೆಂದರೆ ಅದು. ಹಾಗೆ ಹಂಚುತ್ತಿದ್ದ ಆಟವನ್ನೂ ಬಿಡಿ ಎಂದಮೇಲೆ, ಯಾರಿಗೂ ಏನನ್ನೂ ಹಂಚದ ಐಡಿಯನ್ನು ಏನೆನ್ನಬೇಕು? ಅದೇ ಹೊತ್ತಿಗೆ ಬಿಲ್ಲುಗಾರಿಕೆ, ಕುದುರೆ ಮತ್ತು ಒಂಟೆಯ ಓಟಕ್ಕೆ ಬಹುಮಾನ ಇಡುವುದನ್ನು ಹದೀಸು ಒಪ್ಪುತ್ತದೆ. ಆಡುವ ಕೈಯ ಕಸುಬು ಬೇರೆ, ನೋಡುವವನು ಕಟ್ಟುವ ಪಣ ಬೇರೆ. ಇದನ್ನು ಬಿಡಿಸಿ ಹೇಳದೆ ಮೊಬೈಲನ್ನೇ ಹರಾಮ್ ಎಂದರೆ ಹುಡುಗರು ನಮ್ಮ ಎರಡು ಮಾತನ್ನೂ ಬಿಡುತ್ತಾರೆ.

ಹುಡುಗ ನಮ್ಮನ್ನು ಇನ್ನೊಂದು ಪ್ರಶ್ನೆ ಕೇಳಿದ. 'ಅಬ್ಬಾ ಮಾಡೋ ಖೇಣಿ ಏನು ಮಾಮು? ಮರದ ಮೇಲಿರೋದಕ್ಕೆ ಹಣ ಕಟ್ಟೋದು ಬಾಜಿ ಅಲ್ವಾ?' ನಮ್ಮ ದಾದಿಯೂ ಅಬ್ಬಾನನ್ನು ಇದೇ ಕೇಳುತ್ತಿದ್ದರು. ಹಣ್ಣು ಕೈಗೆ ಹತ್ತುವ ಲಕ್ಷಣ ಕಾಣುವ ಮೊದಲು ಮರದ ಫಸಲನ್ನು ಮಾರಬಾರದು ಎಂದು ಪ್ರವಾದಿಯವರು ತಡೆದದ್ದು ಹದೀಸಿನಲ್ಲಿದೆ. ಹಾಗಾಗಿ ಅಬ್ಬಾ ಕಾಯಿ ಬಲಿಯುವ ತನಕ ಕಾದು, ತೋಟ ಸುತ್ತಿ, ಗೊನೆ ನೋಡಿ ಮಾತಾಡುತ್ತಿದ್ದರು. ಎಲ್ಲ ಖೇಣಿದಾರರೂ ಹಾಗಿಲ್ಲ ಎಂಬುದನ್ನು ನಾವು ಮುಚ್ಚಿಡುವುದಿಲ್ಲ. ಧಾರಣೆ ಬಿದ್ದು ಮನೆ ಮಾರಿದವರನ್ನೂ ಕಂಡಿದ್ದೇವೆ. ಆದರೂ ಖೇಣಿಯಲ್ಲಿ ಗೊನೆ ಇಳಿಸುವವನಿಗೆ, ಸುಲಿಯುವ ಹೆಂಗಸರಿಗೆ, ಬೇಯಿಸುವವನಿಗೆ ಕೂಲಿ ಹುಟ್ಟುತ್ತದೆ, ಕೊನೆಗೆ ಒಂದು ಚೀಲ ಅಡಿಕೆ ಇರುತ್ತದೆ. ಒಬ್ಬ ಸೋತರೆ ಮಾತ್ರ ಇನ್ನೊಬ್ಬನಿಗೆ ಬರುವ ಹಣ ಅದಲ್ಲ. ಮಹಾಭಾರತದ ಧರ್ಮರಾಯ ಕೂಡ ರಾಜ್ಯ, ತಮ್ಮಂದಿರು, ತಾನು, ಹೆಂಡತಿ ಎಂದು ಎಲ್ಲವನ್ನೂ ಒಂದೇ ಪಣಕ್ಕೆ ಇಟ್ಟವನಲ್ಲ, ಒಂದೊಂದಾಗಿಯೇ ಸೋತವನು. ಪ್ರತಿ ಪಣಕ್ಕೂ ಮುಂದಿನದರಲ್ಲಿ ಎಲ್ಲ ವಾಪಸು ಬರುತ್ತದೆ ಎಂಬ ಆಸೆ. ಇದನ್ನು ಹೇಳಿದಾಗ ಹುಡುಗ ತಲೆ ತಗ್ಗಿಸಿದ.

ಕಾನೂನು ಸುಮ್ಮನಿಲ್ಲ. ಮಟ್ಕಾ ಬರೆಯುವವರನ್ನು ಹಿಡಿಯಲು 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 78ನೇ ಕಲಮು ಮೊದಲಿನಿಂದಲೂ ಇದೆ. ಲಾಟರಿಯನ್ನು ಸರ್ಕಾರ 2007ರಲ್ಲಿ ನಿಲ್ಲಿಸಿತು. 2021ರಲ್ಲಿ ಆನ್‌ಲೈನ್ ಜೂಜಿನ ವಿರುದ್ಧ ರಾಜ್ಯ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು 2022ರ ಫೆಬ್ರುವರಿ 14ರಂದು ಹೈಕೋರ್ಟು ರದ್ದುಮಾಡಿತು. ನಮ್ಮ ಮನೆಯ ಘಟನೆಯಾದ ಮರುವರ್ಷ, 2025ರ ಆಗಸ್ಟಿನಲ್ಲಿ, ಸಂಸತ್ತು ಹೊಸ ಕಾಯ್ದೆ ಮಾಡಿತು. ಅದು ಇ-ಕ್ರೀಡೆಯನ್ನು ಕ್ರೀಡೆಯೆಂದು ಒಪ್ಪಿ, ಹಣ ಕಟ್ಟಿ ಆಡಿಸುವ ಆನ್‌ಲೈನ್ ಆಟಗಳನ್ನು ನಿಷೇಧಿಸುತ್ತದೆ. ಆಡಿಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ. ಕಟ್ಟಿ ಸೋತವನಿಗೆ ಶಿಕ್ಷೆಯಿಲ್ಲ. ದೊಡ್ಡ ಕಂಪನಿಗಳು ಆ ವಾರವೇ ಹಣದ ಆಟ ನಿಲ್ಲಿಸಿದವು. ಒಳ್ಳೆಯದೇ ಆಯಿತು. ಆದರೆ ಹೊನ್ನಾಳಿಯಲ್ಲಿ ಸಿಕ್ಕಿದ ಐಡಿಗೆ ಕಂಪನಿಯ ಹೆಸರೂ ಇರಲಿಲ್ಲ, ವಿಳಾಸವೂ ಇರಲಿಲ್ಲ. ಜಗಳೂರಿನ ಬೀಡಿ ಅಂಗಡಿಗೂ ಬೋರ್ಡು ಇರಲಿಲ್ಲ.

ಇನ್ನು ಗೌಡರ ವಿಷಯ. ಬ್ಯಾಂಕಿನಲ್ಲಿ ತೊಂದರೆಯಾಗಿ ಮುಂಗಡ ತಡವಾಯಿತು ಎಂದು ಹೇಳೋಣ ಎಂದರು ದುಲ್ಹಾಭಾಯಿ. ಆಪಾ ಬಳೆ ಬಿಚ್ಚಿ ಇಟ್ಟಿದ್ದಳು. ನಮಗೂ ಆ ಸುಳ್ಳು ಅನುಕೂಲವೆನಿಸಿತು. ಆಗ ಹುಡುಗ ಮೆಲ್ಲನೆ, 'ಆವತ್ತು ರಾತ್ರಿ ಹೊನ್ನಾಳಿ ಸೇತುವೆ ಮೇಲೆ ಗಾಡಿ ನಿಲ್ಲಿಸಿ ಅರ್ಧ ಗಂಟೆ ನಿಂತಿದ್ದೆ ಮಾಮು' ಎಂದ. ತುಂಗಭದ್ರೆ ಮಳೆಗಾಲದಲ್ಲಿ ಹೇಗಿರುತ್ತಾಳೆಂದು ನಮ್ಮ ಕಡೆಯವರಿಗೆಲ್ಲ ಗೊತ್ತು. ಯಾಕೆ ನಿಂತಿದ್ದೆ ಎಂದು ಯಾರೂ ಕೇಳಲಿಲ್ಲ. ಆಪಾ ಎದ್ದು ಬಂದು ಅವನ ಪಕ್ಕ ಕೂತಳು. ಸುಳ್ಳು ಹೇಳುವ ಮಾತು ಅಲ್ಲಿಗೆ ನಿಂತಿತು.

ಮರುದಿನ ಮೂವರೂ ಗೌಡರ ಮನೆಗೆ ಹೋದೆವು. ಹುಡುಗನೇ ಹೇಳಿದ, ಪೂರ್ತಿ ಹೇಳಿದ. ಗೌಡರು ಬಹಳ ಹೊತ್ತು ಎಲೆ ಅಡಿಕೆ ಅಗಿಯುತ್ತಾ ಕೂತರು. ಆಮೇಲೆ, 'ನಮ್ಮಣ್ಣಂದು ಎರಡೆಕರೆ ತೋಟ ಒಂದಂಕಿ ಲಾಟ್ರಿಗೆ ಹೋಯ್ತು ಸಾಬ್ರೇ. ಕೊನೇವರೆಗೂ ನಮಗ್ಯಾರಿಗೂ ಹೇಳ್ಲಿಲ್ಲ. ನೀವು ಬಂದು ಹೇಳಿದ್ರಲ್ಲ' ಎಂದರು. ಮುಂಗಡಕ್ಕೆ ಒಂದು ತಿಂಗಳ ವಾಯಿದೆ ಕೊಟ್ಟರು. ಹುಡುಗನ ಕಡೆ ತಿರುಗಿ, 'ತಮ್ಮಾ, ಈ ಸಲ ಗೊನೆ ಲೆಕ್ಕ ನೀನೇ ಹಾಕ್ಬೇಕು, ನಿಮ್ಮಪ್ಪನ್ನ ಕಳಿಸ್ಬೇಡ' ಎಂದರು. ಅವನು ಆ ಮಧ್ಯಾಹ್ನವೇ ಕೆಸರಿನಲ್ಲಿ ತೋಟ ಸುತ್ತಿದ.

ಬೈಕು ಮಾರಿದ್ದು, ನಾವು ಕೊಟ್ಟದ್ದು, ಬಳೆ ಅಡವಿಟ್ಟದ್ದು ಸೇರಿ ಗೌಡರ ಮುಂಗಡ ವಾಯಿದೆಯೊಳಗೆ ಮುಟ್ಟಿತು. ಬಳೆಯ ಸಾಲ ಮತ್ತು ನಮ್ಮ ಹಣ ಹುಡುಗನ ಲೆಕ್ಕಕ್ಕೆ. ಪಂದ್ಯ ನೋಡುವುದನ್ನು ಅವನು ಬಿಟ್ಟಿಲ್ಲ, ಬಿಡು ಎಂದು ನಾವೂ ಹೇಳಿಲ್ಲ. ಚನ್ನಗಿರಿಗೆ ಬಂದಾಗ ಹೊದಿಕೆಯೊಳಗಲ್ಲ, ಪಡಸಾಲೆಯಲ್ಲಿ ದೀಪ ಹಾಕಿಕೊಂಡು ನೋಡುತ್ತಾನೆ. ಒಮ್ಮೊಮ್ಮೆ ನಾವೂ ಪಕ್ಕದಲ್ಲಿ ಕೂತು ಇದು ಯಾವ ಮ್ಯಾಪು ಎಂದು ಕೇಳುತ್ತೇವೆ. ನ್ಯಾಮತಿಯ ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ತಿಂಗಳ ಕೊನೆಯ ದಿನ ಅವನು ಉಳಿದ ಸಾಲವನ್ನು ಬರೆದಿಡುತ್ತಾನೆ. ಹೋದ ವಾರ ಹೋದಾಗ ನೋಡಿದೆವು. ಅಲ್ಲಿದ್ದದ್ದು 14,000. ಅವನ ಅಂಕಿಗಳೂ ಅಚ್ಚಿನ ಹಾಗೇ ಇವೆ.